ಇದ್ದಿಲಿನ ಕೆಳಗಿನ ಸುತ್ತಿಗೆ

ಮಂಗಳೂರು, ವಿಮಾನ ಹತ್ತುವ ಮುಂಚೆ

ಬಹರೈನಿಗೆ ಹೋದವರು ಬರುವಾಗ ಏನಾದರೂ ತರುತ್ತಾರೆ. ನಾನು ಹೋದದ್ದೇ ಒಂದು ಕಲ್ಲನ್ನು ಕೊಟ್ಟು ಬರಲು. ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ, ಬೂದು ಬಣ್ಣದ, ನೋಡಲು ಯಾವ ಚಂದವೂ ಇಲ್ಲದ ಉರುಟು ಕಲ್ಲು. ಅದು ನನ್ನದಲ್ಲ. ಹನ್ನೊಂದು ವರ್ಷ ನನ್ನ ಟ್ರಂಕಿನಲ್ಲಿ, ಉಣ್ಣೆಯ ಕಾಲುಚೀಲದೊಳಗೆ ಕೂತಿತ್ತು. ಅದು ಅಲ್ಲಿ ಕೂತಷ್ಟು ಕಾಲ ನಾನು ಎಲ್ಲಿಯೂ ನೆಟ್ಟಗೆ ಕೂತಿಲ್ಲ.

ರಾಯಚೂರು ಕಡೆಯ ಚಿನ್ನದ ಗಣಿಯೊಂದರಲ್ಲಿ ಭೂವಿಜ್ಞಾನಿಯಾಗಿದ್ದು ನಿವೃತ್ತನಾದವನು ನಾನು. ನಮ್ಮ ಗಣಿಯ ಪಕ್ಕದಲ್ಲಿ ಬಹಳ ಹಿಂದಿನವರು ತೋಡಿದ ಇಕ್ಕಟ್ಟಾದ ಬಾವಿಗಳಿವೆ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಸೀಳು ಬಿಟ್ಟ ಮೇಲೆ ಕಲ್ಲಿನ ಸುತ್ತಿಗೆಯಿಂದ ಒಡೆದುಕೊಂಡು ಒಳಗೆ ಹೋದವರು ಅವರು. ಅವರ ಬೆಂಕಿಯ ಮಸಿ ಇನ್ನೂ ಗೋಡೆಯ ಮೇಲಿದೆ. ಈ ಹಳೆಗಣಿಗಳ ಹುಚ್ಚಿನಿಂದ ನನಗೆ ಅಲ್ಪಸ್ವಲ್ಪ ಹೆಸರು ಬಂದಿತ್ತು. ಆ ಹೆಸರಿನ ಮೇಲೆಯೇ ಹನ್ನೊಂದು ವರ್ಷದ ಹಿಂದೆ ಬೊಲಿವಿಯಾದಿಂದ ಕರೆ ಬಂತು. ಆಂಡಿಸ್ ಪರ್ವತದ ಎತ್ತರದಲ್ಲಿ ಒಂದು ನೀಲಿ ಕಲ್ಲು ಸಿಗುತ್ತದೆ. ಹಿಂದಿನವರು ಅದನ್ನು ಅಗೆದು ಮಣಿ ಮಾಡಿ ಪೋಣಿಸಿಕೊಳ್ಳುತ್ತಿದ್ದರೇ, ಅಗೆದಿದ್ದರೆ ಎಲ್ಲಿ ಎಂದು ಹುಡುಕುವ ತಂಡವೊಂದಕ್ಕೆ ಹಳೆಗಣಿ ಬಲ್ಲವರು ಬೇಕಾಗಿದ್ದರು. ನನ್ನ ಸಹಾಯಕ್ಕೆಂದು ಬೆಂಗಳೂರಿನ ವಸುಧಾ ಎಂಬ ಸಂಶೋಧನಾ ವಿದ್ಯಾರ್ಥಿನಿಯನ್ನು ಕರೆದುಕೊಂಡು ಹೋದೆ. ಈ ಕಲ್ಲು, ಅಂದರೆ ಈ ಸುತ್ತಿಗೆ, ಅಲ್ಲಿ ಸಿಕ್ಕಿತು. ಪತ್ತೆ ಮಾಡಿದವಳು ಅವಳು. ಕದ್ದವನು ನಾನು.

ನಮ್ಮ ಗಣಿಯಲ್ಲಿ ಒಂದು ಕಾಲಕ್ಕೆ ಎಲೆಕ್ಟ್ರಿಷಿಯನ್ ಆಗಿದ್ದ ಶಿರ್ವದ ವಾಲ್ಟರ್ ಈಗ ಹೆಂಡತಿಯೊಂದಿಗೆ ಬಹರೈನಿನಲ್ಲಿದ್ದಾನೆ. ಈ ವರ್ಷ ಫೋನು ಮಾಡಿದ. "ಸರ್, ಇಲ್ಲಿ ನಾವು ಕನ್ನಡದವರು ಆಗಾಗ ಒಟ್ಟು ಸೇರುದುಂಟು. ನೀವು ಬಂದು ಆ ಆಂಡಿಸ್ ಗಣಿಯ ಬಗ್ಗೆ ಒಂದು ಟಾಕ್ ಕೊಡ್ಬೇಕು." ನಾನು ಮಂಡಿನೋವು, ಬಿಸಿಲು ಎಂದು ನೆಪ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವನೇ ಮುಂದುವರಿಸಿದ: "ಇಲ್ಲಿ ಹಿದ್ ಅಂತ ಊರುಂಟು, ಅಲ್ಲಿ ವಸುಧಾ ಅಂತ ಒಬ್ರು ಇದ್ದಾರೆ, ಶಿಪ್ಪಿಂಗ್ ಆಫೀಸಲ್ಲಿ. ನಿಮ್ಮ ಹೆಸರು ಹೇಳಿದ್ದಕ್ಕೆ ಎಂತದೂ ಮಾತಾಡ್ಲೇ ಇಲ್ಲ ಸರ್." ಮಂಡಿನೋವು ಮರೆತುಹೋಯಿತು. ಫೋನಿಟ್ಟವನೇ ಪಾಸ್‌ಪೋರ್ಟು ಹುಡುಕತೊಡಗಿದೆ.

ಮಂಗಳೂರಿನ ವಿಮಾನ ನಿಲ್ದಾಣಕ್ಕೆ ವಾಲ್ಟರನ ಹೆಂಡತಿ ಐರಿನ್ ಅವರ ಅಕ್ಕ ಬಂದು, ನೈಲಾನ್ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯೊಂದನ್ನು ಒಪ್ಪಿಸಿದರು. ಗಲ್ಫಿಗೆ ಹೋಗುವವನು ಬರಿಗೈಯಲ್ಲಿ ಹೋಗುವುದನ್ನು ಆ ಕಡೆಯವರು ಸಹಿಸುವುದಿಲ್ಲ. ಪೆಟ್ಟಿಗೆಯೊಳಗೆ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿ, ಒಣಸಿಗಡಿ. ನನ್ನ ಕಲ್ಲು ಕೈಚೀಲದಲ್ಲಿತ್ತು. ಸಾಲಿನಲ್ಲಿ ಹಿಂದೆ ನಿಂತವರೊಬ್ಬರು ನಾನು ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡುವುದನ್ನು ಕಂಡು, "ಅದನ್ನೆಲ್ಲ ಒಳಗೆ ಬಿಡುದಿಲ್ಲ ಮಾರಾಯ್ರೆ, ಯಾರ ತಲೆಗಾದ್ರೂ ಹಾಕಿದ್ರೆ?" ಎಂದರು. ನನ್ನ ಸೂಟ್‌ಕೇಸ್ ಆಗಲೇ ಬೆಲ್ಟಿನ ಮೇಲೆ ಹೋಗಿಬಿಟ್ಟಿತ್ತು. ಉಳಿದಿದ್ದದ್ದು ರಟ್ಟಿನ ಪೆಟ್ಟಿಗೆ ಮಾತ್ರ. ಹಗ್ಗ ಸಡಿಲಿಸಿ, ಅಕ್ಕಿಗೂ ಒಣಸಿಗಡಿಗೂ ನಡುವೆ ಕಲ್ಲನ್ನು ತುರುಕಿದೆ. ಅವಸರದಲ್ಲಿ ಕಾಲುಚೀಲ ಕೈಯಲ್ಲೇ ಉಳಿಯಿತು.

ಮುಹರ್ರಕ್, ಇಳಿದ ಕೂಡಲೇ

ಬಹರೈನಿನ ವಿಮಾನ ನಿಲ್ದಾಣ ಇರುವುದು ಮುಹರ್ರಕ್ಕಿನಲ್ಲಿ. ಅಲ್ಲಿಯ ಕಸ್ಟಮ್ಸ್ ಅಧಿಕಾರಿ ಪೆಟ್ಟಿಗೆ ತೆರೆಸಿದ. ಒಣಸಿಗಡಿಯ ವಾಸನೆಗೆ ಮುಖವನ್ನು ಒಂದು ಕಡೆ ತಿರುಗಿಸಿಕೊಂಡೇ ಕೈಯಾಡಿಸಿ, ಕಲ್ಲನ್ನು ಹೊರಗೆಳೆದ. ನನಗೆ ಒಂದು ವಿಚಿತ್ರ ಆಸೆ ಹುಟ್ಟಿತು: ಇವನಾದರೂ ಹಿಡಿದುಬಿಟ್ಟರೆ ನಾನು ಬಾಯಿ ಬಿಡುವ ಕಷ್ಟ ತಪ್ಪುತ್ತದಲ್ಲ ಎಂದು.

ಅವನು ಅದನ್ನು ತೂಗಿ ನೋಡಿದ. ಬೆರಳುಗಳು ತಾವಾಗಿ ಮಡಚಿಕೊಂಡವು, ಹೆಬ್ಬೆರಳು ಪಕ್ಕದ ತಗ್ಗಿನಲ್ಲಿ ಹೋಗಿ ಕೂತಿತು. ಯಾರು ಹಿಡಿದರೂ ಹಾಗೆಯೇ. ಆ ತಗ್ಗನ್ನು ಸವೆಸಿದವನ ಹೆಬ್ಬೆರಳು ಎಂದೋ ಮಣ್ಣಾಗಿದ್ದರೂ ಜಾಗ ಮಾತ್ರ ಖಾಲಿಯಾಗಿ ಕಾದಿರುತ್ತದೆ. ಅಧಿಕಾರಿಗೆ ಮೋಜೆನಿಸಿರಬೇಕು, ಪಕ್ಕದವನನ್ನು ಕರೆದು ಅವನ ಕೈಗೂ ಕೊಟ್ಟ. ಇಬ್ಬರೂ ನಕ್ಕರು.

"ಫಾರ್ ಕಿಚನ್?" ಎಂದು ನನ್ನನ್ನು ಕೇಳಿದ.

ನಿಜ ಹೇಳಲು ಬೇಕಾದ ಇಂಗ್ಲಿಷ್ ನನ್ನಲ್ಲಿತ್ತು. ಧೈರ್ಯ ಇರಲಿಲ್ಲ. "ಯೆಸ್, ಕಿಚನ್" ಎಂದೆ. ಅವನು ಕಲ್ಲನ್ನು ಅಕ್ಕಿಯ ಮೇಲೆ ಇಟ್ಟು ಪೆಟ್ಟಿಗೆ ಮುಚ್ಚಿದ.

ಅರಾದ್

ವಾಲ್ಟರನ ಮನೆ ಅರಾದಿನಲ್ಲಿ. ವಿಮಾನ ನಿಲ್ದಾಣ ಎಷ್ಟು ಹತ್ತಿರವೆಂದರೆ ವಿಮಾನ ಇಳಿಯುವಾಗ ಅಡುಗೆಮನೆಯ ಡಬ್ಬಿಗಳು ಗಡಗಡ ಎನ್ನುತ್ತವೆ. ಮನೆಯವರು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ವಿಮಾನ ಹೋದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಾರೆ. ನನಗೆ ಆ ಅಭ್ಯಾಸವಿಲ್ಲದೆ ಕಿರುಚುತ್ತಿದ್ದೆ.

ಐರಿನ್ ಆಸ್ಪತ್ರೆಯಲ್ಲಿ ನರ್ಸ್. ನಗುಮುಖದ, ಕೈಗೆ ಬಿಡುವು ಕೊಡದ ಹೆಂಗಸು. ಬಂದ ದಿನ ಸಂಜೆ ನಾನು ಸೋಫಾದಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುವುದನ್ನು ನೋಡಿ ನೋಡಿ, "ಎಂತ ಸರ್, ನಿಮಗೆ ಕೂತ್ಕೊಳ್ಳಿಕ್ಕೇ ಆಗುದಿಲ್ವಾ? ಬಿಪಿ ಚೆಕ್ ಮಾಡ್ಲಾ?" ಎಂದರು. ಬಿಪಿ ನೋಡಿಯೂ ಬಿಟ್ಟರು. ಅದು ಸರಿಯಾಗಿಯೇ ಇತ್ತು.

ಪೆಟ್ಟಿಗೆಯಿಂದ ನನ್ನ ಕಲ್ಲನ್ನು ತೆಗೆದಿಟ್ಟುಕೊಳ್ಳಬೇಕು ಎಂದು ಎರಡು ಸಲ ಎದ್ದೆ. ಎರಡು ಸಲವೂ ಐರಿನ್ ಎದುರಿಗೇ ಇದ್ದರು. ಇದೇನು ಸರ್ ಎಂದು ಕೇಳಿದರೆ ಏನು ಹೇಳಲಿ? ನಾಳೆ ನೋಡೋಣ ಎಂದುಕೊಂಡೆ. ನಾಳೆ ನೋಡೋಣ ಎನ್ನುವುದರಲ್ಲಿ ನನ್ನಷ್ಟು ಪಳಗಿದವರು ಕಡಿಮೆ.

ಮರುದಿನ ಶುಕ್ರವಾರ, ಅಲ್ಲಿ ವಾರದ ರಜೆ. ಬೆಳಕು ಹರಿಯುತ್ತಲೇ ಹೊರಬಿದ್ದು ಅರಾದ್ ಕೋಟೆಯ ಪಕ್ಕದ ನೀರಿನ ದಡದಲ್ಲಿ ನಡೆದೆ. ಕೋಟೆ ಎಂದರೆ ನಮ್ಮ ಮುದಗಲ್ಲಿನ ಹಾಗೆ ಬೆಟ್ಟ ಹತ್ತಿಸಿ ಉಸಿರು ಕಟ್ಟಿಸುವುದಲ್ಲ, ಸಮತಟ್ಟು ನೆಲದ ಮೇಲೆ ತಣ್ಣಗೆ ಕೂತಿದೆ. ದಾರಿಯಲ್ಲಿ ಒಂದು ವಿಚಿತ್ರ ಕಂಡೆ. ಅಲ್ಲಿ ಕಿರಾಣಿ ಅಂಗಡಿಗೆ ಕೋಲ್ಡ್ ಸ್ಟೋರ್ ಎನ್ನುತ್ತಾರೆ. ಗಿರಾಕಿಗಳು ಕಾರಿನಿಂದ ಇಳಿಯುವುದೇ ಇಲ್ಲ, ಅಂಗಡಿಯ ಮುಂದೆ ನಿಲ್ಲಿಸಿ ಹಾರನ್ ಒತ್ತುತ್ತಾರೆ. ಅಂಗಡಿಯವನೇ ಓಡಿಬಂದು ಕಿಟಕಿಯಲ್ಲಿ ಬಗ್ಗಿ, ಏನು ಬೇಕೆಂದು ಕೇಳಿ, ತಂದುಕೊಟ್ಟು ಹೋಗುತ್ತಾನೆ. ನಮ್ಮೂರಿನಲ್ಲಿ ಹಾಗೆ ಹಾರನ್ ಒತ್ತಿದರೆ ಅಂಗಡಿಯವನು ಬಾಗಿಲು ಹಾಕಿಕೊಂಡು ಊಟಕ್ಕೆ ಹೋಗುತ್ತಾನೆ. ಇದನ್ನು ವಾಲ್ಟರನಿಗೆ ಹೇಳಬೇಕು ಎಂದು ನಗುತ್ತಲೇ ಮನೆಗೆ ಬಂದೆ.

ಬಾಗಿಲಲ್ಲೇ ಬೆಳ್ಳುಳ್ಳಿಯ ಘಮ. ಒಳಗೆ ಟಕ್, ಟಕ್, ಟಕ್ ಎಂಬ ಸದ್ದು. ಚಪ್ಪಲಿ ಕಳಚದೆಯೇ ಒಳಗೆ ನುಗ್ಗಿದೆ. ಕಲ್ಲಿನ ಏಟಿನ ಆ ಸದ್ದು ನನಗೆ ಗೊತ್ತು.

ಐರಿನ್ ಅಡುಗೆಮನೆಯ ನೆಲದ ಮೇಲೆ ಕೂತು, ಹಲಗೆಯ ಮೇಲೆ ಏಡಿಯ ಕಾಲುಗಳನ್ನು ಸಾಲಾಗಿಟ್ಟು ಜಜ್ಜುತ್ತಿದ್ದರು. ಕೈಯಲ್ಲಿ ನನ್ನ ಸುತ್ತಿಗೆ. ಹೆಬ್ಬೆರಳು ಸರಿಯಾಗಿ ತಗ್ಗಿನಲ್ಲಿತ್ತು.

"ಬನ್ನಿ ಸರ್! ಇವತ್ತು ಏಡಿ ಸುಕ್ಕ. ಅಕ್ಕನಿಗೆ ನಾನು ಎಷ್ಟು ಸಲ ಹೇಳಿದ್ದು, ಇಲ್ಲಿ ನನ್ನ ಜಜ್ಜುವ ಕಲ್ಲು ಒಡೆದು ಹೋಗಿದೆ, ಬರುವವರ ಕೈಯಲ್ಲಿ ಒಂದು ಒಳ್ಳೆ ಕಲ್ಲು ಕಳ್ಸು ಅಂತ. ಅಂತೂ ಕಳ್ಸಿದ್ಲು ನೋಡಿ! ಎಂಥ ಕಲ್ಲು ಮಾರಾಯ್ರೆ, ಕೈಗೆ ಮಾಡಿಸಿದ ಹಾಗೆ ಉಂಟು."

"ತಂಗೀ," ಎಂದೆ. "ಅದನ್ನ ತೊಳದಿರೇನು?"

"ತೊಳೆಯದೆ ಬಿಡ್ತೇನಾ ಸರ್, ನಾನು ನರ್ಸ್ ಅಲ್ವಾ? ಒಂದು ಬದಿಯಲ್ಲಿ ಎಂತದೋ ನೀಲಿ ನೀಲಿ ಪುಡಿ ಮೆತ್ತಿಕೊಂಡಿತ್ತು, ಪೇಂಟಿನ ಹಾಗೆ. ಸೋಪು ಹಾಕಿ ಸ್ಕ್ರಬ್ಬರಲ್ಲಿ ತಿಕ್ಕಿ ತಿಕ್ಕಿ ತೊಳ್ದೆ. ಈಗ ನೋಡಿ, ಕ್ಲೀನ್!"

ಎತ್ತಿ ತೋರಿಸಿದರು. ಕಲ್ಲು ಫಳಫಳ ಹೊಳೆಯುತ್ತಿತ್ತು. ಅದರ ಕುಳಿಗಳಲ್ಲಿ ಅರಿಶಿನವಿತ್ತು.

ಮಧ್ಯಾಹ್ನ ನಾನು ಏಡಿ ಸುಕ್ಕ ಊಟ ಮಾಡಿದೆ. ಹೇಳಲು ನಾಚಿಕೆಯಾಗುತ್ತದೆ, ತುಂಬ ರುಚಿಯಾಗಿತ್ತು. ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಐರಿನ್, ನಿಮ್ಮ ಕಡೆಯವರಿಗೆ ನಮ್ಮ ಖಾರ ಆಗುದಿಲ್ಲ ಎಂದು ಮೊಸರು ಬಡಿಸಿದರು. ಊಟದ ಮೇಲೆ, ಆ ಕಲ್ಲು ನನ್ನದು, ಭಾಷಣದಲ್ಲಿ ತೋರಿಸಲು ತಂದದ್ದು ಎಂದಷ್ಟೇ ಹೇಳಿ ಇಸಿದುಕೊಂಡೆ. ಅವರು ನಾಲಿಗೆ ಕಚ್ಚಿಕೊಂಡು ಸಾರಿ ಸರ್, ಸಾರಿ ಸರ್ ಎಂದರು. ಅವರ ತಪ್ಪೇನಿತ್ತು?

ಮುಹರ್ರಕ್ ಗಲ್ಲಿಗಳಲ್ಲಿ

ಮನೆಯಲ್ಲಿ ನಿಲ್ಲಲಾಗದೆ ಸಂಜೆ ಬಸ್ಸು ಹತ್ತಿದೆ. ಯಾವ ನಿಲ್ದಾಣದಲ್ಲಿ ಇಳಿಯಬೇಕೋ ಗೊತ್ತಿಲ್ಲದೆ ಎರಡು ನಿಲ್ದಾಣ ಮುಂದೆ ಹೋಗಿ ಇಳಿದು, ಹಿಂದಕ್ಕೆ ನಡೆದು, ಮುಹರ್ರಕ್ಕಿನ ಹಳೆಯ ಗಲ್ಲಿಗಳಲ್ಲಿ ಸಿಕ್ಕಿಬಿದ್ದೆ. ಸಮುದ್ರದ ಕಲ್ಲಿನಿಂದ ಕಟ್ಟಿದ ಮನೆಗಳು, ಕೆತ್ತನೆಯ ಬಾಗಿಲುಗಳು. ಒಂದು ಕಾಲಕ್ಕೆ ಮುತ್ತಿನ ವ್ಯಾಪಾರದಿಂದ ಎದ್ದ ಊರು ಅದು.

ನಾನು ಏನನ್ನು ಕಳೆದಿದ್ದೇನೆ ಎಂಬುದನ್ನು ಇಲ್ಲಿ ಹೇಳಬೇಕು. ಆ ಎತ್ತರದ ಬಯಲಿನಲ್ಲಿ ನೀಲಿ ಕಲ್ಲಿನ ಎಳೆಯನ್ನೇ ಹಿಡಿದುಕೊಂಡು ಹೋದ ಗುಂಡಿಗಳಿದ್ದವು. ಸುತ್ತ ಒಡೆದ ಚೂರುಗಳ ರಾಶಿ. ಕೆಳಗಿನ ಹೊಳೆಯಿಂದ ಹೊತ್ತು ತಂದ ಉರುಟು ಕಲ್ಲುಗಳು, ಹೊಡೆದು ಹೊಡೆದು ತುದಿ ಜಜ್ಜಿಹೋದವು. ಆದರೆ ಎಲ್ಲವೂ ನೆಲದ ಮೇಲೆ ಬಿದ್ದಿದ್ದವು. ನೆಲದ ಮೇಲೆ ಬಿದ್ದದ್ದು ಪುರಾತನರದೂ ಆಗಬಹುದು, ಮೊನ್ನೆ ಮೊನ್ನೆಯವರದೂ ಆಗಬಹುದು. ಒಂದು ಗುಂಡಿಯ ತಳದಲ್ಲಿ ಇದ್ದಿಲಿನ ಪದರ ಸಿಕ್ಕಿತು. ಇದ್ದಿಲಿನ ವಯಸ್ಸನ್ನು ಪ್ರಯೋಗಾಲಯದವರು ಹೇಳುತ್ತಾರೆ. ಆದರೆ ಬರೀ ಇದ್ದಿಲಾದರೆ ಅದು ಲಾಮಾ ಮೇಯಿಸುವವರು ಚಳಿ ಕಾಯಿಸಿಕೊಂಡ ಬೆಂಕಿಯೂ ಆಗಿರಬಹುದು. ವಸುಧಾ ಆ ಇದ್ದಿಲಿನ ಕೆಳಗೆ ಕೈಹಾಕಿ, ನೀಲಿ ಪುಡಿ ಮೆತ್ತಿದ ಈ ಸುತ್ತಿಗೆಯನ್ನು ತೆಗೆದಳು. ಬೆಂಕಿಗಿಂತ ಮೊದಲೇ ಅಲ್ಲಿ ನೀಲಿ ಕಲ್ಲು ಒಡೆದವರಿದ್ದರು ಎಂದು ಹೇಳುವ ಒಂದೇ ಒಂದು ಸಾಕ್ಷಿ. ಅವಳು ಅದರ ಚಿತ್ರ ಬರೆದು, ಪಟ್ಟಿಯಲ್ಲಿ ನಂಬರು ಹಾಕಿ, ಚೀಟಿ ಕಟ್ಟಿದಳು.

ಕೊನೆಯ ದಿನ ಎಲ್ಲವನ್ನೂ ಟಾರ್ಪಾಲಿನ ಮೇಲೆ ಹರಡಿದ್ದರು. ಒಂದು ಕಡೆ ಕೆಳಗಿನ ಊರಿನ ವಸ್ತುಸಂಗ್ರಹಾಲಯಕ್ಕೆ ಹೋಗುವವು, ಇನ್ನೊಂದು ಕಡೆ ಅಲ್ಲೇ ಬಿಟ್ಟುಬಿಡುವವು. ಆ ಬಯಲಿನ ಗಾಳಿ ಕೇಳಬೇಡಿ. ಒಂದು ಕಲ್ಲಿನ ಚೀಟಿ ಹಾರಿಹೋಗಿತ್ತು. ನಾನು ಸುಮ್ಮನೆ ಎತ್ತಿಕೊಂಡೆ. ಹೆಬ್ಬೆರಳು ತಗ್ಗಿನಲ್ಲಿ ಕೂತಿತು. ನಮ್ಮೂರಿನ ಹಳೆಗಣಿಯವರ ಕೈಯನ್ನೇ ಹಿಡಿದ ಹಾಗಾಯಿತು. ಚೀಟಿ ಇಲ್ಲದ್ದು ಬಿಟ್ಟುಹೋಗುವ ಕಲ್ಲಲ್ಲವೇ, ಒಂದು ನೆನಪಿಗಿರಲಿ ಎಂದು ಕಾಲುಚೀಲದಲ್ಲಿ ಹಾಕಿಕೊಂಡೆ. ಸಂಜೆ ಪಟ್ಟಿ ಓದುವಾಗ ಒಂದು ನಂಬರು ಸಿಗಲಿಲ್ಲ. ವಸುಧಾ ಟಾರ್ಪಾಲಿನ ಅಡಿಯೆಲ್ಲ ತಡಕಾಡಿದಳು. ತಂಡದ ಮುಖ್ಯಸ್ಥರು ಶಾಂತವಾಗಿಯೇ ಹೇಳಿದರು: ವಸ್ತು ಇಲ್ಲದ ಮೇಲೆ ಉಳಿಯುವುದು ಚಿತ್ರ, ಚಿತ್ರವನ್ನು ಯಾರು ಏನು ಬೇಕಾದರೂ ಬರೆಯಬಹುದು. ಅವಳ ಚಿತ್ರವನ್ನು ಕಡತದಿಂದ ತೆಗೆದು ಅವಳ ಕೈಗೇ ಕೊಟ್ಟರು. ನನ್ನ ಚೀಲ ಎರಡು ಮಾರು ದೂರದಲ್ಲಿತ್ತು. ಅವಳು ನನ್ನ ಕಡೆ ನೋಡಿದಳು, ಸರ್ ನೀವು ನೋಡಿದ್ದಿರಲ್ಲ ಎಂಬಂತೆ. ನಾನು ಬಗ್ಗಿ ಬೂಟಿನ ದಾರ ಕಟ್ಟಿಕೊಂಡೆ.

ಗಲ್ಲಿಯಲ್ಲಿ ಮುತ್ತಿನ ಅಂಗಡಿಯ ಮುದುಕರೊಬ್ಬರು ನನ್ನನ್ನು ಕರೆದು ಕೂರಿಸಿ ಕಹ್ವಾ ಎಂಬ ಅರಬ್ಬೀ ಕಾಫಿ ಕೊಟ್ಟರು. ಕೊಳ್ಳುವವನಲ್ಲ ಎಂದು ನನ್ನ ಮುಖ ನೋಡಿಯೇ ಅವರಿಗೆ ತಿಳಿದಿತ್ತು, ಆದರೂ ಕೊಟ್ಟರು. ಅವರ ಉರ್ದು ನನ್ನ ರಾಯಚೂರಿನ ಉರ್ದುವಿಗಿಂತ ಚೆನ್ನಾಗಿತ್ತು. ಅಜ್ಜನ ಕಾಲದಲ್ಲಿ ದೋಣಿಯ ಮೇಲೆ ಚಿಪ್ಪು ಒಡೆಯುವಾಗ ಎಲ್ಲರೂ ಒಟ್ಟಿಗೆ ಕೂತು, ನಾಯಕನ ಕಣ್ಣೆದುರೇ ಒಡೆಯಬೇಕಿತ್ತಂತೆ. ಯಾರು ತಂದ ಚಿಪ್ಪು ಯಾವುದು ಎಂದು ತಿಳಿಯದಂತೆ ಮೊದಲೇ ರಾಶಿಗೆ ಸೇರಿಸಿಬಿಡುತ್ತಿದ್ದರಂತೆ.

"ಕಳ್ಳತನವಾಗುತ್ತಿರಲಿಲ್ಲವೇ?" ಎಂದು ಕೇಳಿದೆ.

"ಎಲ್ಲರ ನಡುವೆ ಕೂತವನು ಎಲ್ಲಿ ಬಚ್ಚಿಡುತ್ತಾನೆ ಜನಾಬ್?" ಎಂದು ಅವರು ನಕ್ಕರು. ನಾನು ಎರಡನೆಯ ಬಟ್ಟಲು ಬೇಡವೆಂದು ಎದ್ದುಬಿಟ್ಟೆ.

ಹಿಂದಿರುಗುವಾಗ ನೀರಿನ ಪಕ್ಕ ನಿಂತು, ಕಲ್ಲನ್ನು ಕೈಚೀಲದಿಂದ ತೆಗೆದೆ. ಇನ್ನು ಇದರಿಂದ ಏನೂ ಸಾಬೀತಾಗುವುದಿಲ್ಲ. ಎಸೆದರೆ ಮುಗಿಯಿತು. ಪಕ್ಕದಲ್ಲಿ ಗಾಳ ಹಾಕಿದ್ದ ಮಲಯಾಳಿಯೊಬ್ಬ, ಮೀನು ಓಡಿಹೋದಾವು ಎಂದು ಕೈಸನ್ನೆ ಮಾಡಿ ಗದರಿಸಿದ. ಮತ್ತೆ ಚೀಲಕ್ಕೆ ಹಾಕಿಕೊಂಡೆ. ನನ್ನ ಮನಸ್ಸಾಕ್ಷಿ ಎದ್ದು ನಿಂತಿತು ಎಂದು ಬರೆಯಬಹುದಿತ್ತು. ನಿಜವೆಂದರೆ ಆ ಮನುಷ್ಯ ಗದರಿಸಿದ್ದಕ್ಕೆ ಹೆದರಿದೆ.

ಮನಾಮ, ಭಾಷಣದ ಸಂಜೆ

ಶನಿವಾರ ಸಂಜೆ ರಾಜಧಾನಿ ಮನಾಮದ ಒಂದು ಸಣ್ಣ ಹಾಲಿನಲ್ಲಿ ನಾಲ್ಕೈದು ಸಾಲು ಕುರ್ಚಿಗಳು ತುಂಬಿದ್ದವು. ಹೆಂಗಸರು ಸೀರೆ ಉಟ್ಟು ಬಂದಿದ್ದರು. ಹಿಂದೆ ಚಹಾ, ಗೋಳಿಬಜೆ. ಕಿವಿಗೆ ಬಿದ್ದದ್ದು ಕೊಂಕಣಿ, ತುಳು, ಇಂಗ್ಲಿಷ್, ನಡುನಡುವೆ ಕನ್ನಡ. ವಾಲ್ಟರ್ ನನ್ನನ್ನು ಪರಿಚಯಿಸಿದ ಭರಕ್ಕೆ, ಹೇಳುತ್ತಿರುವುದು ಬೇರೆ ಯಾರ ಬಗ್ಗೆಯೋ ಎಂದು ನಾನೇ ಪಕ್ಕಕ್ಕೆ ನೋಡಿದೆ.

ಕೊನೆಯ ಸಾಲಿನ ತುದಿಯಲ್ಲಿ ವಸುಧಾ ಕೂತಿದ್ದಳು. ಕೂದಲು ಚಿಕ್ಕದಾಗಿ ಕತ್ತರಿಸಿದ್ದಳು. ಕನ್ನಡಕ ಹೊಸದು. ನನ್ನನ್ನೇ ನೋಡುತ್ತಿದ್ದಳು.

ಗುಂಡಿಗಳ ಚಿತ್ರ ತೋರಿಸಿದೆ. ಇದ್ದಿಲಿನ ಪದರ ತೋರಿಸಿದೆ. ಅಲ್ಲಿಯ ಗಾಳಿಯಲ್ಲಿ ಉಸಿರಾಡುವುದೇ ಒಂದು ಕೆಲಸ ಎಂದು ನಗಿಸಿದೆ. ಕೊನೆಗೆ ಮುಂದಿನ ಸಾಲಿನಲ್ಲಿದ್ದ ಬ್ಯಾಂಕಿನವರೊಬ್ಬರು ಎದ್ದು ಕೇಳಿದರು: "ಸರ್, ಇದು ಏನ್ಶೆಂಟ್ ಮೈನಿಂಗೇ ಅಂತ ಪ್ರೂಫ್ ಏನು? ಇತ್ತೀಚಿನವರು ತೋಡಿರ್ಬಹುದಲ್ವಾ?"

ಕಲ್ಲು ಮೇಜಿನ ಕೆಳಗೆ ಚೀಲದಲ್ಲಿತ್ತು. ಬಗ್ಗಿದರೆ ಸಿಗುತ್ತಿತ್ತು.

"ಒಂದು ಸುತ್ತಿಗೆ ಸಿಕ್ಕಿತ್ತು," ಎಂದೆ. "ದುರದೃಷ್ಟಕ್ಕೆ ಅದು ಕಳೆದುಹೋಯಿತು. ಫೀಲ್ಡಿನಲ್ಲಿ ಹೀಗೆಲ್ಲ ಆಗುತ್ತದೆ."

ಹಿಂದೆ ಕುರ್ಚಿ ಸರಿದ ಸದ್ದು. ವಸುಧಾ ಎದ್ದು ಹೊರಗೆ ಹೋದಳು. ಜನ ಚಪ್ಪಾಳೆ ತಟ್ಟಿದರು. ನನಗೊಂದು ಶಾಲು ಹೊದಿಸಿದರು. ಬಹರೈನಿನ ಸೆಖೆಯಲ್ಲಿ ಅದನ್ನು ಹೊದ್ದು ನಿಂತೆ.

ಹಿದ್

ಭಾನುವಾರ ಅಲ್ಲಿ ಕೆಲಸದ ದಿನ. ವಾಲ್ಟರನಿಂದ ನಂಬರು ಇಸಿದುಕೊಂಡು ಬೆಳಗ್ಗೆಯೇ ವಸುಧಾಗೆ ಫೋನು ಮಾಡಿದೆ. ಬಂದರಿನ ಹತ್ತಿರದ ಒಂದು ಚಹಾದಂಗಡಿಯ ಹೆಸರು ಹೇಳಿ, "ಹತ್ತು ನಿಮಿಷ" ಎಂದಳು.

ಹಿದ್ ಎಂದರೆ ಲಾರಿ, ಧೂಳು, ಒಂದರ ಮೇಲೊಂದು ಪೇರಿಸಿಟ್ಟ ಕಂಟೇನರುಗಳು. ಅವಳು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡೇ ಬಂದಳು. ಹಾಲು, ಸಕ್ಕರೆ ಒಟ್ಟಿಗೇ ಹಾಕಿ ಕುದಿಸುವ ಕರಕ್ ಚಹಾ ಎರಡು ತರಿಸಿದಳು. ನಾನು ಸಕ್ಕರೆ ಕಡಿಮೆ ಕುಡಿಯುತ್ತೇನೆಂದು ಅವಳಿಗೆ ನೆನಪಿತ್ತು, ಆದರೆ ಆ ಚಹಾದಲ್ಲಿ ಸಕ್ಕರೆ ಕಡಿಮೆ ಮಾಡಲು ಬರುವುದಿಲ್ಲವಂತೆ.

"ಹೇಳಿ ಸರ್. ಕ್ಲಿಯರೆನ್ಸ್ ಒಂದು ಪೆಂಡಿಂಗ್ ಇದೆ ನಂಗೆ."

ಚೀಲದಿಂದ ಕಲ್ಲನ್ನು ತೆಗೆದು ಮೇಜಿನ ಮೇಲಿಟ್ಟೆ. ಇಟ್ಟ ಭರಕ್ಕೆ ಚಹಾ ಚೆಲ್ಲಿತು.

ಅವಳು ಮುಟ್ಟಲಿಲ್ಲ.

"ತಿರುಗಿಸ್ಬೇಡಿ," ಎಂದಳು. "ಅಡಿಭಾಗದಲ್ಲಿ ಎ‍ಡಗಡೆ ಒಂದು ಚಕ್ಕೆ ಹಾರಿದೆ. ಉಗುರಿನ ಶೇಪು. ಅದ್ರಿಂದ ಒಂದು ಕ್ರ್ಯಾಕ್ ಮೇಲಕ್ಕೆ ಬರತ್ತೆ, ಅರ್ಧಕ್ಕೆ ನಿಲ್ಲತ್ತೆ."

ಆಮೇಲೆ ತಾನೇ ಎತ್ತಿ ತಿರುಗಿಸಿದಳು. ಚಕ್ಕೆ ಹಾರಿದ ಗುರುತು ಇತ್ತು. ಸೀಳು ಅರ್ಧಕ್ಕೆ ನಿಂತಿತ್ತು.

"ಇತ್ತು," ಎಂದಳು. ಮತ್ತೊಮ್ಮೆ, "ಇತ್ತು ಸರ್ ಇದು."

ಸಿಟ್ಟಾಗುತ್ತಾಳೆ, ಬೈಯುತ್ತಾಳೆ ಎಂದು ತಯಾರಾಗಿ ಹೋಗಿದ್ದೆ. ಆ ಎರಡು ಮಾತಿಗೆ ನನ್ನಲ್ಲಿ ತಯಾರಿ ಇರಲಿಲ್ಲ.

"ನಂಗೆ ಥೀಸಿಸ್ ಹೋಗಿದ್ದು ಅಷ್ಟು ದೊಡ್ಡದಲ್ಲ ಸರ್. ಹೋಯ್ತು, ಬೇರೆ ಕೆಲಸ ಸಿಕ್ತು. ಆದ್ರೆ ಆಮೇಲಾಮೇಲೆ ನಂಗೇ ಡೌಟ್ ಬರೋಕೆ ಶುರುವಾಯ್ತು. ಅಷ್ಟು ಹೈಟಲ್ಲಿ ಆಕ್ಸಿಜನ್ ಕಮ್ಮಿ, ಏನೇನೋ ಕಾಣ್ಸತ್ತೆ ಅಂತಾರಲ್ಲ. ನಾನೇ ಊಹಿಸ್ಕೊಂಡ್‌ಬಿಟ್ನಾ? ಬೇಕು ಬೇಕು ಅಂತ ಅನ್ಕೊಂಡಿದ್ದಕ್ಕೆ ಕಂಡ್‌ಬಿಡ್ತಾ? ಅಮ್ಮನ ಹತ್ರ ಹಾಗೇ ಹೇಳ್ದೆ. ಈಗ ಇಲ್ಲಿ ಒಂದು ಕಂಟೇನರ್ ಸೀಲ್ ನಂಬರ್ ಮೂರು ಸಲ ನೋಡ್ತೀನಿ. ಫೋಟೋ ತಗೊಂಡು ಮತ್ತೆ ನೋಡ್ತೀನಿ. ಆಫೀಸಲ್ಲಿ ನಗ್ತಾರೆ."

ಮತ್ತೆ ಕಲ್ಲಿನ ಕಡೆ ಬಗ್ಗಿದಳು. ಹುಬ್ಬು ಗಂಟಿಕ್ಕಿತು.

"ಬ್ಲೂ ಎಲ್ಲಿ ಸರ್?"

ಹೇಳಬೇಕಾಯಿತು. ಪೆಟ್ಟಿಗೆ, ಐರಿನ್, ಏಡಿ, ಎಲ್ಲ.

"ಸೋಪು ಹಾಕಿ?" ಎಂದು ಕೇಳಿದಳು.

"ಸೋಪು. ಸ್ಟೀಲ್ ಸ್ಕ್ರಬ್ಬರ್."

ಅವಳು ನಗಲು ಶುರುಮಾಡಿದಳು. ಪಕ್ಕದ ಮೇಜಿನ ಲಾರಿ ಡ್ರೈವರುಗಳು ತಿರುಗಿ ನೋಡುವಷ್ಟು ನಕ್ಕಳು. ನಗುತ್ತ ನಗುತ್ತಲೇ ಕನ್ನಡಕ ತೆಗೆದು ದುಪಟ್ಟಾದಿಂದ ಕಣ್ಣೊತ್ತಿಕೊಂಡಳು, ಒತ್ತಿಕೊಂಡವಳು ಬಹಳ ಹೊತ್ತು ಹಾಗೆಯೇ ಇದ್ದಳು. ನಾನು ಈ ಸಲ ಬೂಟಿನ ದಾರ ಕಟ್ಟಿಕೊಳ್ಳಲಿಲ್ಲ. ಅಷ್ಟನ್ನು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ.

ಆಮೇಲೆ ಅವಳು ಆಫೀಸಿಗೆ ಫೋನು ಮಾಡಿ ತಡವಾಗುತ್ತದೆ ಎಂದು ಹೇಳಿ, ಲ್ಯಾಪ್‌ಟಾಪ್ ತೆರೆದಳು. "ಇದು ಅಲ್ಲಿನ ಮ್ಯೂಸಿಯಮ್‌ಗೆ ಸೇರಿದ್ದು. ಏನೇನು ಪರ್ಮಿಷನ್ ಬೇಕೋ ನಾನು ವಿಚಾರಿಸಿ ಕಳಿಸ್ತೀನಿ, ಅದು ನನ್ನ ಕೆಲಸ. ಇದು ನಿಮ್ಮ ಹತ್ರ ಹೇಗೆ ಬಂತು ಅಂತ ನೀವು ಬರೀಬೇಕು. ಮ್ಯೂಸಿಯಮ್‌ಗೂ, ಟೀಮ್ ಹೆಡ್‌ಗೂ. ಬರೀರಿ."

ಬರೆದೆ. ಆ ದಿನದ ಗಡಿಬಿಡಿಯಲ್ಲಿ ಈ ವಸ್ತು ಅಜಾಗರೂಕತೆಯಿಂದ ನನ್ನ ಸಾಮಾನಿನೊಂದಿಗೆ ಸೇರಿಹೋಗಿತ್ತು ಎಂಬ ಅರ್ಥದ ಇಂಗ್ಲಿಷ್. ಅವಳು ಓದಿದಳು.

"ಸರ್, ಕಲ್ಲು ತಾನಾಗೇ ನಡ್ಕೊಂಡು ಬಂದು ನಿಮ್ಮ ಸಾಕ್ಸ್ ಒಳಗೆ ಕೂತ್ಕೊಳ್ತಾ?"

ಅಳಿಸಿದೆ. ನಾನು ತೆಗೆದುಕೊಂಡೆ ಎಂದು ಬರೆದೆ. ಅದೇ ಸಂಜೆ ಅದು ಯಾವ ಕಲ್ಲು ಎಂದು ನನಗೆ ಗೊತ್ತಾಯಿತು ಎಂದು ಬರೆದೆ. ವಸುಧಾ ಪಟ್ಟಿಯಲ್ಲಿ ಬರೆದದ್ದೆಲ್ಲ ಸರಿಯಾಗಿತ್ತು, ಅವಳನ್ನು ನಂಬದೆ ಹೋದಾಗ ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ ಎಂದು ಬರೆದೆ. ತೊಳೆದುಹೋದದ್ದನ್ನೂ ಬರೆದೆ. ಒಂದು ಪುಟವೂ ಆಗಲಿಲ್ಲ. ಹನ್ನೊಂದು ವರ್ಷ ಹೊತ್ತು ತಿರುಗಿದ್ದು ಇಷ್ಟೇ ಇಷ್ಟು.

"ವಸುಧಾ, ನನ್ನನ್ನ ಕ್ಷಮಿಸವ್ವಾ" ಎಂದೆ.

"ಅದಕ್ಕೆ ಈ ಲೆಟರಲ್ಲಿ ಜಾಗ ಇಲ್ಲ ಸರ್," ಎಂದಳು. ದನಿ ಗಡುಸಾಗಿರಲಿಲ್ಲ, ಮೆತ್ತಗೂ ಇರಲಿಲ್ಲ. "ಸೈನ್ ಮಾಡಿ."

ಮತ್ತೆ ವಿಮಾನ ನಿಲ್ದಾಣ

ಆ ರಾತ್ರಿ ಊಟಕ್ಕೆ ಕೂತಾಗ ವಾಲ್ಟರನಿಗೂ ಐರಿನ್ ಅವರಿಗೂ ಎಲ್ಲ ಹೇಳಿದೆ. ವಾಲ್ಟರ್ ಅನ್ನ ಕಲಸುವುದನ್ನು ನಿಲ್ಲಿಸಿದ. ಮಾತಿನ ಮಧ್ಯೆ ಒಂದು ವಿಮಾನ ಹೋಯಿತು, ಅದು ಹೋದ ಮೇಲೂ ಯಾರೂ ಮಾತು ಮುಂದುವರಿಸಲಿಲ್ಲ. ಮೂರು ದಿನ ಅವರು ನನ್ನನ್ನು ಮೊದಲಿನಷ್ಟೇ ಚೆನ್ನಾಗಿ ನೋಡಿಕೊಂಡರು, ಆದರೆ ವಾಲ್ಟರ್ ಸರ್ ಎನ್ನುವಾಗ ಮೊದಲಿನ ಹಾಗೆ ಕೇಳಿಸುತ್ತಿರಲಿಲ್ಲ. ಬುಧವಾರ ನಿಲ್ದಾಣಕ್ಕೆ ಬಿಡಲು ಬಂದಾಗ ಕಾರಿನಲ್ಲಿ ಐರಿನ್ ಇದ್ದಕ್ಕಿದ್ದಂತೆ ಹೇಳಿದರು: "ನಾನು ತೊಳೆಯದೆ ಇದ್ದಿದ್ರೆ ಆ ಹುಡುಗಿಗೆ ಎಲ್ಲ ವಾಪಸ್ ಸಿಗ್ತಿತ್ತು ಅಲ್ವಾ ಸರ್? ಅದನ್ನೇ ಎಣಿಸ್ತಾ ಇದ್ದೇನೆ."

"ಕದ್ದವ ನಾನು ತಂಗೀ. ನೀವು ತೊಳದದ್ದು ನಿಮ್ಮ ಮನಿಗೆ ಬಂದ ಕಲ್ಲನ್ನ."

"ಹಾಗಾದ್ರೂ ಬೇಜಾರಾಗ್ತದೆ ಮಾರಾಯ್ರೆ," ಎಂದು ಕಿಟಕಿಯ ಕಡೆ ತಿರುಗಿದರು.

ಒಳಗೆ ಹೋಗಿ ಕುರ್ಚಿಯೊಂದರಲ್ಲಿ ಕೂತೆ, ಎದ್ದೆ, ಫಲಕ ನೋಡಿದೆ, ಮತ್ತೆ ಕೂತೆ. ಫೋನು ಗುಂಯ್ ಎಂದಿತು. ತಂಡದ ಮುಖ್ಯಸ್ಥರ ಉತ್ತರವನ್ನು ವಸುಧಾ ನನಗೆ ಕಳಿಸಿದ್ದಳು. ಉತ್ತರ ಅವಳಿಗೆ ಬರೆದದ್ದು. ನನ್ನ ಹೆಸರು ಅದರಲ್ಲಿ ಒಂದೇ ಕಡೆ ಇತ್ತು, ಇರಬೇಕಾದ ಹಾಗೆಯೇ ಇತ್ತು. ನೀಲಿ ಪುಡಿ ಹೋದ ಮೇಲೆ ಆ ಗಣಿಯ ವಯಸ್ಸನ್ನು ಈ ಸುತ್ತಿಗೆ ಇನ್ನು ಹೇಳಲಾರದು ಎಂದು ಅವರು ನೇರವಾಗಿ ಬರೆದಿದ್ದರು. ಅಂದು ಅವಳನ್ನು ನಂಬದೆ ಹೋದದ್ದಕ್ಕೆ ತಮ್ಮ ಕಡೆಯಿಂದ ಕ್ಷಮೆ ಕೇಳಿದ್ದರು. ಪಟ್ಟಿಯನ್ನು ತಿದ್ದಿ ಅವಳ ನಂಬರನ್ನು ಮತ್ತೆ ಸೇರಿಸುತ್ತೇವೆ, ಅದಕ್ಕೆ ಅವಳ ಚಿತ್ರ ಬೇಕು, ದಯವಿಟ್ಟು ಕಳಿಸಿ ಎಂದಿದ್ದರು.

ಅದರ ಕೆಳಗೆ ಅವಳ ಮಾತು: "ಸರ್, ಆ ಡ್ರಾಯಿಂಗ್ ನನ್ನ ಹತ್ರ ಇಲ್ಲ. ಬೆಂಗಳೂರಿಗೆ ಬಂದ ವಾರಾನೇ ಹರಿದು ಹಾಕಿದ್ದೆ."

ಓದಿ ನಾನು ಫೋನನ್ನು ಮೊಣಕಾಲ ಮೇಲೆ ಮಗುಚಿ ಇಟ್ಟೆ. ಸುತ್ತ ಜನ ಎದ್ದು ಸಾಲು ನಿಲ್ಲುತ್ತಿದ್ದರು. ಫೋನನ್ನು ಮತ್ತೆ ಎತ್ತಿಕೊಂಡೆ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ನನ್ನ ಸಾಲಿನ ಕರೆ ಬಂದಾಗ ಇನ್ನೊಂದು ಸಂದೇಶ ಬಂತು: "ಎರಡು ದಿನ ರಜಾ ಹಾಕಿದೀನಿ. ಕಲ್ಲು ಲೇಟಾಗಿ ಹೋಗತ್ತೆ."

ಜೊತೆಗೊಂದು ಫೋಟೋ. ಕಿಟಕಿಯ ಬೆಳಕಿನಲ್ಲಿ ಬಿಳಿ ಹಾಳೆ, ಹಾಳೆಯ ಪಕ್ಕದಲ್ಲಿ ಕಲ್ಲು, ಸ್ಕೇಲು, ಚೂಪು ಮಾಡಿದ ಪೆನ್ಸಿಲು. ಕಲ್ಲಿನ ಒಂದು ಅಂಚು ಮಾತ್ರ ಮೂಡಿತ್ತು, ಉಳಿದದ್ದೆಲ್ಲ ಖಾಲಿ. ಆದರೆ ಹಾಳೆಯ ಕೆಳಗಿನ ಮೂಲೆಯಲ್ಲಿ, ಚಿತ್ರ ಶುರು ಮಾಡುವ ಮುಂಚೆಯೇ ಎಂಬಂತೆ, ದಪ್ಪ ಅಕ್ಷರದಲ್ಲಿ ಬರೆದಿದ್ದಳು: ಪತ್ತೆ ಮಾಡಿದವರು, ವಸುಧಾ.